ಸಿಯೆರಾ ಲಿಯೋನ್ ಕೇಳುತ್ತಿರುವುದು ತನಗಾಗಿ ಅಲ್ಲ

ನಮಸ್ಕಾರ.

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸುಧಾರಣೆ ಕುರಿತು ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್ ತಳೆದಿರುವ ನಿಲುವಿನ ಬಗೆಗಿನ ನಿಮ್ಮ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸು ಬಾರದು. ಆಫ್ರಿಕಾದ ರಾಜತಾಂತ್ರಿಕತೆಯನ್ನು ಕನ್ನಡದಲ್ಲಿ ಎತ್ತಿಕೊಳ್ಳುವವರೇ ಕಡಿಮೆ.

‘ಸಿಯೆರಾ ಲಿಯೋನ್ ತನಗೊಂದು ಕಾಯಂ ಸ್ಥಾನಕ್ಕಾಗಿ ಪಟ್ಟು ಹಿಡಿದಿದೆ’ ಎಂದು ಬರೆದಿದ್ದೀರಿ. ಇದು ತಪ್ಪು. ಸುಧಾರಣೆಯ ಮಾತುಕತೆಗಾಗಿ ಆಫ್ರಿಕಾ ಒಕ್ಕೂಟ ರಚಿಸಿದ ಹತ್ತು ದೇಶಗಳ ಸಮಿತಿಗೆ ಅದು ಸಂಚಾಲಕ. ಇಡೀ ಖಂಡದ ಪರವಾಗಿ ಮಾತನಾಡುತ್ತದೆ. ‘ಎಜುಲ್ವಿನಿ ಒಮ್ಮತ’ ಎಂದು ಕರೆಯುವ, ಒಕ್ಕೂಟದ 2005ರ ಸಮಾನ ನಿಲುವಿನ ಪ್ರಕಾರ ಆಫ್ರಿಕಾಕ್ಕೆ ಕನಿಷ್ಠ ಎರಡು ಕಾಯಂ ಸ್ಥಾನ, ಐದು ತಾತ್ಕಾಲಿಕ ಸ್ಥಾನ ಸಿಗಬೇಕು. ಅಲ್ಲಿ ಯಾರು ಕೂರಬೇಕೆಂಬುದನ್ನು ಒಕ್ಕೂಟವೇ ನಿರ್ಧರಿಸುತ್ತದೆ. ಇದನ್ನು ತಿದ್ದಿದರೆ ನಿಮ್ಮ ಅರ್ಧ ವಾದವನ್ನು ಹೊಸದಾಗಿ ಕಟ್ಟಬೇಕಾಗುತ್ತದೆ. ಕಟ್ಟಿ.

ವಿಟೊ, ಅಂದರೆ ಕಾಯಂ ಸದಸ್ಯ ಒಬ್ಬನೇ ನಿರ್ಣಯವನ್ನು ತಡೆಯಬಲ್ಲ ಅಧಿಕಾರ, ಈ ವಿಷಯವನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ, ಲೇಖನದ ಜೀವ ಇರುವುದೇ ಅಲ್ಲಿ. ವಿಟೊ ಎಂಬುದೇ ಇರಬಾರದು ಎಂಬುದು ಆಫ್ರಿಕಾದ ತಾತ್ವಿಕ ನಿಲುವು. ಆದರೆ ಅದು ಇರುವ ತನಕ ಹೊಸ ಕಾಯಂ ಸದಸ್ಯರಿಗೂ ಸಿಗಲೇಬೇಕು ಎನ್ನುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಎರಡು ಕಾಯಂ ಸ್ಥಾನಗಳಿಗೆ ಒಪ್ಪಿತು, ವಿಟೊ ಕೊಡಲು ಒಪ್ಪಲಿಲ್ಲ. ಅರ್ಧ ಅಧಿಕಾರದ ಕುರ್ಚಿಯನ್ನು ಸ್ವೀಕರಿಸಬೇಕೇ, ತಿರಸ್ಕರಿಸಬೇಕೇ? ಈ ಇಕ್ಕಟ್ಟನ್ನು ಓದುಗರ ಮುಂದಿಡಿ. ‘ಭಾರತದ ನಿಲುವೂ ಇದೇ’ ಎಂಬ ವಾಕ್ಯವನ್ನು ತೆಗೆಯಿರಿ. 2005ರಲ್ಲಿ ಭಾರತ, ಜಪಾನ್, ಜರ್ಮನಿ, ಬ್ರೆಜಿಲ್ ಮುಂದಿಟ್ಟ ಕರಡಿನಲ್ಲಿ, ಹೊಸ ಕಾಯಂ ಸದಸ್ಯರು ಹದಿನೈದು ವರ್ಷಗಳ ನಂತರದ ಪರಾಮರ್ಶೆಯ ತನಕ ವಿಟೊ ಬಳಸುವುದಿಲ್ಲ ಎಂಬ ಮಾತಿತ್ತು. ಆಫ್ರಿಕಾ ಅದಕ್ಕೆ ಒಪ್ಪಲಿಲ್ಲ. ಎರಡು ಬಣಗಳು ಕೂಡಲಿಲ್ಲ.

ವಿಶ್ವಸಂಸ್ಥೆಯ ಚರಿತ್ರೆಗೆ ಮೂರು ಪುಟ ಬೇಡ. 1945ರ 51 ಸ್ಥಾಪಕ ರಾಷ್ಟ್ರಗಳಲ್ಲಿ ಆಫ್ರಿಕಾದವು ನಾಲ್ಕೇ, ಇಂದು 193ರಲ್ಲಿ 54 ಎಂದರೆ ಸಾಕು. ‘ಜಾಗತಿಕ ದಕ್ಷಿಣದ ಧ್ವನಿ’ ಪುಟಪುಟದಲ್ಲೂ ಬರುತ್ತದೆ. ಎಲ್ಲ ಕಡೆಯೂ ಹೊಡೆದುಹಾಕಿ.

ನನಗೆ ನಿಜಕ್ಕೂ ನೋವಾದದ್ದು ಲೇಖನದಲ್ಲಿ ಸಿಯೆರಾ ಲಿಯೋನ್ ದೇಶವೇ ಇಲ್ಲದಿರುವುದು. 1991ರಿಂದ 2002ರವರೆಗೆ ಅಂತರ್ಯುದ್ಧದಲ್ಲಿ ಬೆಂದ ನಾಡು ಅದು. ಅಲ್ಲಿಗೆ ಬಂದ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕರು ಭಾರತದ ಮೇಜರ್ ಜನರಲ್ ವಿಜಯ್ ಜೇಟ್ಲಿ. ಆ ದೇಶದ ಪೂರ್ವಭಾಗದ ಕೈಲಾಹುನ್ ಪಟ್ಟಣದಲ್ಲಿ ಬಂಡುಕೋರರ ಮುತ್ತಿಗೆಗೆ ಸಿಕ್ಕಿದ್ದ ನಮ್ಮ ಸೈನಿಕರು 2000ದ ಜುಲೈನಲ್ಲಿ ‘ಆಪರೇಷನ್ ಖುಕ್ರಿ’ ಮೂಲಕ ಹೊರಬಂದರು. ಅಂದು ಮಂಡಳಿಯ ಕಾರ್ಯಸೂಚಿಯಲ್ಲಿದ್ದ ದೇಶ 2024–25ರಲ್ಲಿ ಅದರ ಸದಸ್ಯನಾಯಿತು. 2024ರ ಆಗಸ್ಟ್‌ನಲ್ಲಿ, ಆಫ್ರಿಕಾಕ್ಕೆ ಆದ ಚಾರಿತ್ರಿಕ ಅನ್ಯಾಯದ ಬಗ್ಗೆ ಮಂಡಳಿಯಲ್ಲಿ ನಡೆದ ಚರ್ಚೆಯ ಅಧ್ಯಕ್ಷ ಪೀಠದಲ್ಲಿ ಕುಳಿತವರು ಆ ದೇಶದ ಅಧ್ಯಕ್ಷ ಜೂಲಿಯಸ್ ಮಾಡಾ ಬಿಯೊ.

ಕೈಲಾಹುನ್‌ನಿಂದ ಆರಂಭಿಸಿ, ಆ ಪೀಠದವರೆಗೆ ಬನ್ನಿ. ಸಾವಿರದ ಇನ್ನೂರು ಪದ ಮೀರದಿರಲಿ. ತಿದ್ದಿ ಕಳುಹಿಸಿದರೆ ಮತ್ತೆ ನಾನೇ ಓದುತ್ತೇನೆ.

ಇಂತು,
ಸಂಪಾದಕ