ತಂದೆ-ತಾಯಿ ಮಕ್ಕಳಿಗೆ ಹೆಸರನ್ನು ಹೇಗೆ ಆರಿಸುತ್ತಾರೆ?

ಎಲ್ಲ ಕಡೆಯೂ ಪೂರ್ತಿ ಆಯ್ಕೆ ಅವರ ಕೈಯಲ್ಲೇ ಇರುವುದಿಲ್ಲ. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಒಂದು ಹೆಸರು ಕೊಟ್ಟುಬಿಡುತ್ತದೆ: ಶುಕ್ರವಾರ ಹುಟ್ಟಿದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಅವರಿಗೂ ಹೆಸರು ಬಂದದ್ದು ಹೀಗೆಯೇ. ಬಾಲಿಯಲ್ಲಿ ಹುಟ್ಟಿದ ಕ್ರಮ ನೋಡುತ್ತಾರೆ. ಮೊದಲನೆಯ ಮಗು ವಯಾನ್ ಆದರೆ ಎರಡನೆಯದು ಮಾದೆ. ಅಜ್ಜ-ಅಜ್ಜಿಯ ಹೆಸರು ಮೊಮ್ಮಕ್ಕಳಿಗೆ ಬರುವುದಂತೂ ಎಷ್ಟೋ ದೇಶಗಳಲ್ಲಿದೆ.

ಸ್ವಂತ ಆಯ್ಕೆ ಇರುವಲ್ಲಿ ಗೆಲ್ಲುವುದು ಹೆಚ್ಚಾಗಿ ಕಿವಿ, ಅರ್ಥವಲ್ಲ ಎಂಬುದು ನನ್ನ ಅನಿಸಿಕೆ. ಅರ್ಥವನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ! ಸುತ್ತಮುತ್ತ ಕೇಳಿಬರುವ ಹೆಸರಿಗೆ ಹತ್ತಿರವಿರಬೇಕು, ಆದರೆ ಅದೇ ಆಗಿರಬಾರದು ಎಂದು ಎಲ್ಲರೂ ಬಯಸುತ್ತಾರೆ. ಅದಕ್ಕೇ ಒಂದು ತಲೆಮಾರಿನ ಹೆಸರುಗಳು ಬಹುಪಾಲು ಒಂದೇ ರಾಗದಲ್ಲಿರುತ್ತವೆ. ಕರೆಯಲು ಸುಲಭವೇ, ಮನೆತನದ ಹೆಸರಿಗೆ ಹೊಂದುತ್ತದೆಯೇ ಎಂದೂ ನೋಡುತ್ತಾರೆ. ಅಪ್ಪನನ್ನೋ ಅಮ್ಮನನ್ನೋ ಶಾಲೆಯಲ್ಲಿ ಕಾಡಿದವರ ಹೆಸರು ಮಾತ್ರ ಪಟ್ಟಿಯಿಂದ ತಕ್ಷಣ ಹೊರಬೀಳುತ್ತದೆ.

ಕಾನೂನೂ ನಡುವೆ ಬರಬಹುದು. ಫ್ರಾನ್ಸ್‌ನಲ್ಲಿ 1993ರವರೆಗೆ ನೋಂದಣಿ ಅಧಿಕಾರಿಯೇ ಹೆಸರನ್ನು ತಿರಸ್ಕರಿಸಬಹುದಿತ್ತು. ಈಗ ಮಗುವಿನ ಹಿತಕ್ಕೆ ಧಕ್ಕೆ ಎನಿಸಿದರೆ ವಿಷಯ ನ್ಯಾಯಾಲಯಕ್ಕೆ ಹೋಗುತ್ತದೆ. ಐಸ್‌ಲ್ಯಾಂಡ್‌ನಲ್ಲಿ, ಅಧಿಕೃತ ಪಟ್ಟಿಯಲ್ಲಿಲ್ಲದ ಹೆಸರಿಗೆ ಸಮಿತಿಯೊಂದರ ಒಪ್ಪಿಗೆ ಬೇಕು.