ಹಿತ್ತಲ ಮಣ್ಣು ತೊಳೆದರೆ ಹೋಗುತ್ತಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ವಿಕಿರಣದ ಬಗ್ಗೆಯೇ. ಇಪ್ಪತ್ತೆಂಟು ವರ್ಷ ಹೊರರಾಜ್ಯದ ಒಂದು ಕಾರ್ಖಾನೆಯಲ್ಲಿ ವಿಕಿರಣ ಅಳೆಯುವ ಮೀಟರ್ ಹಿಡಿದು ಓಡಾಡಿದವನು ನಾನು ಅಂತ ಹೋದ ಸಂಚಿಕೆಯಲ್ಲಿ ಬಾಯಿತಪ್ಪಿ ಬರೆದುಬಿಟ್ಟೆ. ಅದರ ಫಲ ಇದು. ಈಗ ನಾನು ಕೋಲಾರದಲ್ಲಿ ಟೊಮೆಟೊ ರೇಟು ಕೇಳಿಕೊಂಡು ಕೂತಿರುವ ನಿವೃತ್ತ. ಆದರೂ ಗೊತ್ತಿರುವಷ್ಟು ಹೇಳುತ್ತೇನೆ.

ಪ್ರಶ್ನೆ: ನಮ್ಮ ಮಗ ಅಮೆರಿಕದ ವೆಸ್ಟ್ ಶಿಕಾಗೊ ಅನ್ನುವ ಊರಲ್ಲಿ ಮನೆ ನೋಡುತ್ತಿದ್ದಾನೆ. ಅಲ್ಲಿ ಹಿಂದೆ ಒಂದು ಕಾರ್ಖಾನೆ ಇತ್ತಂತೆ. ಅದರಿಂದ ಜನರ ಹಿತ್ತಲ ಮಣ್ಣಿಗೆಲ್ಲ ವಿಕಿರಣ ತಗುಲಿ, ಅಗೆದು ರೈಲಿನಲ್ಲಿ ಸಾಗಿಸಿದರಂತೆ. ಅಷ್ಟು ಕಷ್ಟ ಯಾಕೆ, ಅಲ್ಲೇ ತೊಳೆಯಬಹುದಿತ್ತಲ್ವಾ? ಇನ್ನೊಂದು ವಿಷಯ. ನಾವೂ ಹೋದ ತಿಂಗಳು ಸೈಟಿಗೆ ಎಂಟು ಲೋಡ್ ಮಣ್ಣು ಹೊಡೆಸಿದೆವು. ಒಡೆದ ಹಳೇ ನೂಲಿನ ಕಾರ್ಖಾನೆಯ ಮಣ್ಣು. ಮಗನ ಮಾತು ಕೇಳಿದ ಮೇಲೆ ನಿದ್ದೆ ಬರುತ್ತಿಲ್ಲ.
— ಗೃಹಿಣಿ, ಮಾಲೂರು

ಉತ್ತರ: ಅಮ್ಮಾ, ಮೊದಲು ಮಗನ ಊರಿನ ಕಥೆ. ನಮ್ಮ ಕಡೆ ಕೇಳಿಕೆ ಆಡುವಾಗ ಪೆಟ್ರೋಮ್ಯಾಕ್ಸ್ ಲೈಟು ಹಚ್ಚುತ್ತಿದ್ದರು, ನೆನಪಿದೆಯಾ? ಅದರ ಗಾಜಿನೊಳಗೆ ಮಗುವಿನ ಕಾಲುಚೀಲದಂಥ ಒಂದು ಬಿಳಿ ಜಾಲರಿ ಇರುತ್ತಿತ್ತು. ಅದೇ ಮ್ಯಾಂಟಲ್. ಒಂದು ಸಲ ಉರಿದರೆ ದಾರ ಸುಟ್ಟುಹೋಗಿ ಬೂದಿಯ ಗೂಡು ಮಾತ್ರ ಉಳಿಯುತ್ತಿತ್ತು. ಕಣ್ಣು ಕುಕ್ಕುವ ಬೆಳಕು ಕೊಡುತ್ತಿದ್ದುದು ಆ ಬೂದಿ. ಅದರಲ್ಲಿ 99 ಪಾಲು ಥೋರಿಯಂ ಆಕ್ಸೈಡ್. ಥೋರಿಯಂ ವಿಕಿರಣ ಸೂಸುವ ವಸ್ತು. ಒಂದು ಕಾಲದಲ್ಲಿ ಥೋರಿಯಂ ಇರುವ ಕೇರಳದ ಕಡೆಯ ಮೊನಜೈಟ್ ಮರಳು ಮ್ಯಾಂಟಲ್ ಮಾಡುವವರಿಗಾಗಿಯೇ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿತ್ತು.

ವೆಸ್ಟ್ ಶಿಕಾಗೊದ ಕಾರ್ಖಾನೆ 1932ರಲ್ಲಿ ಶುರುವಾಯಿತು. ಇಂಥ ಮರಳಿನಿಂದ ಥೋರಿಯಂ ತೆಗೆಯುವುದೇ ಅದರ ಕೆಲಸ. 1973ರಲ್ಲಿ ಮುಚ್ಚಿತು. ಥೋರಿಯಂ ತೆಗೆದ ಮೇಲೂ ಒಂದಷ್ಟು ವಿಕಿರಣ ಉಳಿದಿದ್ದ ಹಿಟ್ಟಿನಂಥ ಮರಳು ಆವರಣದಲ್ಲಿ ಗುಡ್ಡೆ ಬಿದ್ದಿತ್ತು. ತಗ್ಗು ತುಂಬಿಸಲು ಒಳ್ಳೆ ಮಾಲು. ಊರಿನ ಜನ ತಗೊಂಡು ಹೋಗಿ ಹಿತ್ತಲಿಗೆ, ತೋಟಕ್ಕೆ, ಪಾರ್ಕಿಗೆ ಹಾಕಿಕೊಂಡರು. ಪುಕ್ಕಟೆ ಮಣ್ಣು ಸಿಕ್ಕರೆ ಯಾರು ಬಿಡುತ್ತಾರೆ? ಇಟ್ಟಿಗೆ ಹೆಂಚು ಸುಟ್ಟ ಊರು ಮಾಲೂರು. ಮಣ್ಣು ಹೇಗೆ ಕೈಬದಲಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ತೊಳೆಯೋದರ ಮಾತಿಗೆ ಬರುತ್ತೇನೆ. ಬಿಳಿ ಪಂಚೆಗೆ ಅರಿಶಿನ ಹತ್ತಿದರೆ ತೊಳೆಯುತ್ತೀರಿ. ಪಂಚೆ ಬಿಳಿಯಾಯಿತು, ಬಕೆಟ್ಟಿನ ನೀರು ಹಳದಿಯಾಯಿತು. ಅರಿಶಿನ ಎಲ್ಲೂ ಹೋಗಲಿಲ್ಲ. ವಿಕಿರಣದ ಧೂಳೂ ಹಾಗೇ. ಸುಟ್ಟರೆ ಹೊಗೆಯಲ್ಲಿ, ಬೂದಿಯಲ್ಲಿ ಇರುತ್ತದೆ. ಆಸಿಡ್ ಹಾಕಿದರೆ ಆಸಿಡ್‌ಗೆ ಬರುತ್ತದೆ. ಅದು ತಾನಾಗಿ ಕರಗಬೇಕು, ಅದಕ್ಕೆ ಅದರದೇ ವಾಯಿದೆ. ಕೋಬಾಲ್ಟ್-60 ಅನ್ನುವ ವಿಕಿರಣ ವಸ್ತು ಐದೂಕಾಲು ವರ್ಷಕ್ಕೆ ಅರ್ಧವಾಗುತ್ತದೆ. ಸೀಸಿಯಂ-137ಕ್ಕೆ 30 ವರ್ಷ. ಥೋರಿಯಂಗೆ 1,400 ಕೋಟಿ ವರ್ಷ. ಕಾಯುವ ಮಾತೇ ಇಲ್ಲ.

ಹಾಗಂತ ಮಣ್ಣು ತೊಳೆಯುವ ಯಂತ್ರಗಳೇ ಇಲ್ಲ ಅಂತಲ್ಲ. ರಾಗಿ ಜಾಲಿಸಿ ಕಲ್ಲು ಬೇರೆ ಮಾಡಿದ ಹಾಗೆ, ದಪ್ಪ ಮರಳನ್ನು ನುಣುಪು ಜೇಡಿಯಿಂದ ಬೇರೆ ಮಾಡುತ್ತವೆ. ಸೀಸಿಯಂನಂಥವು ಜೇಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತವೆ, ಮರಳು ಒಂದಷ್ಟು ಬಿಡುಗಡೆಯಾಗುತ್ತದೆ. ಹೊರೆ ಕಡಿಮೆಯಾಗುತ್ತದೆ, ಅಷ್ಟೇ. ಉಳಿದ ಜೇಡಿಯನ್ನು ಎಲ್ಲಾದರೂ ಇಡಲೇಬೇಕಲ್ಲ. ನಾನು ಹೊಸಬರಿಗೆ ಹೇಳುತ್ತಿದ್ದುದು ಒಂದೇ ಮಾತು. ನಮ್ಮದು ಸ್ವಚ್ಛ ಮಾಡುವ ಕೆಲಸ ಅಲ್ಲಪ್ಪಾ, ಲೆಕ್ಕ ಇಟ್ಟುಕೊಂಡು ಜಾಗ ಬದಲಿಸುವ ಕೆಲಸ.

ವೆಸ್ಟ್ ಶಿಕಾಗೊದಲ್ಲಿ ಮಾಡಿದ್ದೂ ಅದನ್ನೇ. ಒಂದೊಂದು ಮನೆಯ ಅಂಗಳದಲ್ಲೂ ಮೀಟರ್ ಹಿಡಿದು ಹೆಜ್ಜೆ ಹೆಜ್ಜೆ ನಡೆದರು. ಮುಳ್ಳು ಏರಿದ ಕಡೆ ಅಗೆದರು. ಆರುನೂರಕ್ಕೂ ಹೆಚ್ಚು ಮನೆಗಳ ಮಣ್ಣು ತೆಗೆದು, ಬೇರೆ ಒಳ್ಳೆ ಮಣ್ಣು ತುಂಬಿದರು. ತೆಗೆದದ್ದು ರೈಲಿನಲ್ಲಿ ದೂರದ ಯೂಟಾ ರಾಜ್ಯದ ಬರಡು ನೆಲಕ್ಕೆ ಹೋಯಿತು. ಎಷ್ಟಿದ್ದರೆ ಅಗೆಯಬೇಕು ಅನ್ನುವುದಕ್ಕೂ ಒಂದು ಗೆರೆ ಇತ್ತು. ಆ ಊರಿನ ಮಾಮೂಲಿ ಮಣ್ಣಿನಲ್ಲಿ ಇರುವುದರ ಮೇಲೆ, ಗ್ರಾಂಗೆ 5 ಪಿಕೋಕ್ಯೂರಿ ರೇಡಿಯಂ. ಥೋರಿಯಂ, ಯುರೇನಿಯಂ ಒಡೆಯುತ್ತಾ ಹೋದಾಗ ಹುಟ್ಟುವುದೇ ಈ ರೇಡಿಯಂ. 5 ಪಿಕೋಕ್ಯೂರಿ ಅಂದರೆ ಒಂದು ಕಿಲೊ ಮಣ್ಣಿನಲ್ಲಿ ಸೆಕೆಂಡಿಗೆ ಸುಮಾರು 185 ಪರಮಾಣು ಒಡೆಯುವಷ್ಟು.

'ಮಾಮೂಲಿ ಮಣ್ಣಿನ ಮೇಲೆ' ಅಂದೆನಲ್ಲ, ಅದನ್ನು ಮರೆಯಬೇಡಿ. ಸೊನ್ನೆ ತೋರಿಸುವ ನೆಲ ಭೂಮಿಯ ಮೇಲೆ ಎಲ್ಲೂ ಇಲ್ಲ. ಅಂತರಗಂಗೆ ಬೆಟ್ಟದ ಬಂಡೆ ಮೇಲೆ ಮೀಟರ್ ಇಟ್ಟರೂ ಟಿಕ್ ಟಿಕ್ ಅನ್ನುತ್ತದೆ. ಆ ಕಲ್ಲಲ್ಲೇ ಯುರೇನಿಯಂ, ಥೋರಿಯಂ ಚೂರು ಪಾರು ಇರುತ್ತದೆ. ನಮ್ಮ ಜಿಲ್ಲೆಯ ಆಳದ ಬೋರ್‌ವೆಲ್ ನೀರಿನಲ್ಲಿ ಯುರೇನಿಯಂ ಸಿಕ್ಕಿರುವುದೂ ಯಾವ ಕಾರ್ಖಾನೆಯಿಂದಲೂ ಅಲ್ಲ, ಬಂಡೆಯಿಂದ. ಲೀಟರಿಗೆ 30 ಮೈಕ್ರೋಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ನಾನೂ ಕ್ಯಾನ್ ಹಿಡಿದು ಶುದ್ಧ ನೀರಿನ ಘಟಕದ ಮುಂದೆ ನಿಲ್ಲುತ್ತೇನೆ. ಅಲ್ಲಿನ ಆರ್‌ಒ ಅದನ್ನು ಬಹುಪಾಲು ಹಿಡಿಯುತ್ತದೆ.

ಅಗೆಯುವ ಕೆಲಸ ದೂರದಿಂದ ನೋಡಿದರೆ ಜೆಸಿಬಿ, ಟಿಪ್ಪರ್, ಅಷ್ಟೇ. ಹತ್ತಿರ ಹೋದರೆ ಎಲ್ಲವೂ ನಿಧಾನ. ಧೂಳು ಏಳದ ಹಾಗೆ ನೀರು ಚಿಮುಕಿಸುತ್ತಾರೆ. ಜಾಸ್ತಿ ಹಾಕಿದರೆ ಹರಿದು ಪಕ್ಕದ ಜಾಗಕ್ಕೆ ಹೋಗುತ್ತದೆ, ಅದೂ ತಪ್ಪು. ಲಾರಿಯ ಒಳಗೆ ಪ್ಲಾಸ್ಟಿಕ್, ಮೇಲೆ ಟಾರ್ಪಾಲು. ಗೇಟು ದಾಟುವ ಮುಂಚೆ ಚಕ್ರ ತೊಳೆದು ಮೀಟರ್ ಹಿಡಿಯಬೇಕು. ಕಟ್ಟಡದ ಒಳಗಾದರೆ ಪೊರಕೆ ಮುಟ್ಟುವ ಹಾಗೇ ಇಲ್ಲ. ಒದ್ದೆ ಬಟ್ಟೆಯಲ್ಲಿ ಒಂದೇ ದಿಕ್ಕಿಗೆ ಒರೆಸಬೇಕು, ಮಡಚಿ ಹೊಸ ಮುಖದಲ್ಲಿ ಮತ್ತೆ ಒರೆಸಬೇಕು. ಆಮೇಲೆ ಹತ್ತು ಸೆಂಟಿಮೀಟರ್ ಚಚ್ಚೌಕದ ಜಾಗವನ್ನು ಒಂದು ದುಂಡು ಫಿಲ್ಟರ್ ಕಾಗದದಿಂದ ಉಜ್ಜಿ, ಆ ಕಾಗದವನ್ನು ಎಣಿಸುವ ಯಂತ್ರದೊಳಗೆ ಇಡಬೇಕು. ಇಲ್ಲೊಂದು ಕಿತಾಪತಿ ಇದೆ. ನೆಲ ಒದ್ದೆ ಇರುವಾಗ ಅಳೆದರೆ ಮೀಟರ್ ಸುಮ್ನಿರುತ್ತದೆ. ಥೋರಿಯಂನಂಥವು ಸೂಸುವ ಆಲ್ಫಾ ಕಣಕ್ಕೆ ತೆಳ್ಳನೆಯ ನೀರಿನ ಪೊರೆಯನ್ನೂ ದಾಟುವ ಶಕ್ತಿ ಇಲ್ಲ. ಆತುರದ ಸೂಪರ್‌ವೈಸರ್‌ಗಳಿಗೆ 'ಸ್ವಲ್ಪ ಒಣಗಲಿ ಸಾರ್' ಅಂತ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು.

ನಾನೂ ಒಂದು ಸಲ ಸಿಕ್ಕಿಬಿದ್ದೆ. ಹಗ್ಗ ಕಟ್ಟಿದ ಜಾಗದ ಆಚೆ ನನ್ನ ಪೆನ್ನು ಬಿತ್ತು. ಒಂದೇ ಹೆಜ್ಜೆ, ಏನಾಗುತ್ತೆ ಅಂತ ದಾಟಿ ಎತ್ತಿಕೊಂಡೆ. ಸಂಜೆ ಹೊರಗೆ ಬರುವಾಗ ಪಾದ ಅಳೆಯುವ ಯಂತ್ರ ಕಿರುಚಿತು. ಹಬ್ಬಕ್ಕೆ ತಗೊಂಡ ಹೊಸ ಚಪ್ಪಲಿ, ಎಡಗಾಲಿನದು, ಹಿಮ್ಮಡಿ ಹತ್ತಿರ. ಹೊಲಿಗೆಯ ಸಂದಿಯಲ್ಲಿ ಸೇರಿಕೊಂಡಿತ್ತು. ಮೂರು ಸಲ ಒರೆಸಿದರೂ ಹೋಗಲಿಲ್ಲ. ಎರಡನ್ನೂ ಹಳದಿ ಚೀಲಕ್ಕೆ ಹಾಕಿ, ಚೀಟಿ ಅಂಟಿಸಿ, ರಿಜಿಸ್ಟರ್‌ನಲ್ಲಿ ಬರೆದುಕೊಂಡರು. ಪೆನ್ನನ್ನೂ ಬಿಡಲಿಲ್ಲ. ನಾನು ಬರಿಗಾಲಲ್ಲಿ ಬಸ್ಸು ಹತ್ತಿದೆ. 'ದೇವಸ್ಥಾನದಲ್ಲಿ ಕಳೆದುಕೊಂಡ್ರಾ?' ಅಂತ ಮನೆಯವಳು ಕೇಳಿದಳು. ಹ್ಞೂಂ ಅಂದೆ.

ಈಗ ನಿಮ್ಮ ಎಂಟು ಲೋಡ್. ನೂಲಿನ ಕಾರ್ಖಾನೆ ಅಂದಿರಿ. ಹಾಗಿದ್ದರೆ ವಿಕಿರಣದ ಚಿಂತೆ ನನಗೇನೂ ಕಾಣುವುದಿಲ್ಲ. ಹಳೇ ಕಟ್ಟಡ ಒಡೆದ ಮಣ್ಣಿನಲ್ಲಿ ನಾನು ಹುಡುಕುವುದು ಬೇರೆ. ಕಲ್ನಾರಿನ ಶೀಟಿನ ಚೂರು, ಯಂತ್ರದ ಎಣ್ಣೆ ಹೀರಿದ ಕಪ್ಪು ಹೆಂಟೆ, ಬಣ್ಣದ ಡಬ್ಬಿ. ಶೀಟಿನ ಚೂರು ಕಂಡರೆ ಒಡೆಯಬೇಡಿ, ಪುಡಿ ಮಾಡಬೇಡಿ. ಒದ್ದೆ ಮಾಡಿ ಎತ್ತಿಸಿ ಬೇರೆ ಚೀಲದಲ್ಲಿ ಇಡಿ. ಟಿಪ್ಪರ್‌ನವನ ಹತ್ತಿರ ಒಂದು ಚೀಟಿ ಬರೆಸಿಕೊಳ್ಳಿ, ಯಾವ ಜಾಗದ ಮಣ್ಣು, ಯಾವ ತಾರೀಕು ಅಂತ. ವೆಸ್ಟ್ ಶಿಕಾಗೊದಲ್ಲಿ ಅಂಥ ಚೀಟಿಗಳು ಇದ್ದಿದ್ದರೆ ಮನೆ ಮನೆ ಹುಡುಕುವ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ಮಗನಿಗೂ ಅದೇ ಮಾತು ಹೇಳಿ. ಕೊಳ್ಳುವ ಮನೆಯ ಅಂಗಳ ಅಳೆದಿದ್ದಾರಾ, ಅಗೆದಿದ್ದಾರಾ ಅಂತ ಅಲ್ಲಿನ ಸರ್ಕಾರಿ ದಾಖಲೆ ಕೇಳಲಿ. ಅಗೆದು ತುಂಬಿದ ಅಂಗಳವಾದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಮ್ಮ ಕೆಜಿಎಫ್‌ನ ಸೈನೈಡ್ ಗುಡ್ಡಗಳಲ್ಲೂ ವಿಕಿರಣ ಇದೆಯಾ? ಗಾಳಿ ಬಂದರೆ ಧೂಳೆಲ್ಲ ಮನೆಯೊಳಗೇ.
— ರಾಬರ್ಟ್‌ಸನ್ ಪೇಟೆಯ ಓದುಗರು

ಉತ್ತರ: ಎರಡು ಬೇರೆ ಬೇರೆ ಸಂಗತಿ, ಕಲಸಬೇಡಿ. ಚಿನ್ನ ಬಿಡಿಸಲು ಅದಿರಿನ ಪುಡಿಗೆ ಸೈನೈಡ್ ಹಾಕುತ್ತಿದ್ದರು. ಅದು ರಾಸಾಯನಿಕ ವಿಷ, ಅಣುವಿನ ವಿಷಯ ಅಲ್ಲ. ಬಿಸಿಲು, ಗಾಳಿಗೆ ಸೈನೈಡ್ ಒಡೆದುಹೋಗುತ್ತದೆ, ಥೋರಿಯಂ ಹಾಗೆ ಒಡೆಯುವುದಿಲ್ಲ. ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಸುತ್ತಿನ ಚಿನ್ನದ ಗುಡ್ಡಗಳಲ್ಲಿ ಯುರೇನಿಯಂ ಇದೆ, ಅಲ್ಲಿನ ಅದಿರಿನಲ್ಲೇ ಅದು ಇತ್ತು. ಆ ಸುದ್ದಿ ಓದಿಯೇ ನಮ್ಮವರಿಗೆ ಗಾಬರಿ. ಕೋಲಾರದ ಅದಿರು ಬೇರೆ ಜಾತಿಯ ಕಲ್ಲಿನದು. ಆದರೆ ನುಣುಪು ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದೇ, ಅದಕ್ಕೆ ವಿಕಿರಣವೇ ಬೇಕಿಲ್ಲ. ಗಣಿ ಮುಚ್ಚಿದ್ದು 2001ರಲ್ಲಿ. ಇಷ್ಟು ವರ್ಷವಾದರೂ ಗುಡ್ಡದ ಮೇಲೆ ಹುಲ್ಲು ಹಿಡಿಸದೆ ಬಿಟ್ಟಿದ್ದಕ್ಕೆ ನನಗೂ ಸಿಟ್ಟಿದೆ.

ಒಂದು ತಮಾಷೆ ಕೇಳಿ. ಆಕಾಶದಿಂದ ಬರುವ ವಿಕಿರಣದ ಗಲಾಟೆ ತೀರಾ ಕಡಿಮೆ ಇರುವ ಜಾಗ ಬೇಕು ಅಂತಲೇ ವಿಜ್ಞಾನಿಗಳು ಕೆಜಿಎಫ್ ಗಣಿಯ ಆಳ ಹುಡುಕಿಕೊಂಡು ಬಂದಿದ್ದರು. ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಅನ್ನುವ ಅತಿ ಸಣ್ಣ ಕಣಗಳ ಗುರುತು ಅಲ್ಲಿ ಸಿಕ್ಕಿತು.

ಪ್ರಶ್ನೆ: ಗುಜರಿ ಅಂಗಡಿ ಇಟ್ಟಿದ್ದೇನೆ. ಮುಚ್ಚಿದ ಕಾರ್ಖಾನೆಗಳ ಮಾಲು ಬರುತ್ತದೆ. ಅಪಾಯದ ವಸ್ತುವನ್ನು ಗುರುತು ಹಿಡಿಯೋದು ಹೇಗೆ?
— ಬಂಗಾರಪೇಟೆ

ಉತ್ತರ: ತಮ್ಮಾ, ಈ ಕಾಗದ ಬರೆದದ್ದು ಒಳ್ಳೆಯದಾಯಿತು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಗೆ ಹರಾಜಿನಲ್ಲಿ ಒಂದು ಹಳೇ ಯಂತ್ರ ಬಂತು. ಒಳಗೆ ಕೋಬಾಲ್ಟ್-60 ಇತ್ತು. ಯಾರಿಗೂ ಗೊತ್ತಿಲ್ಲದೆ ಬಿಚ್ಚಿ, ಕತ್ತರಿಸಿದರು. ಒಬ್ಬರು ಚೂರನ್ನು ಪರ್ಸಿನಲ್ಲಿ ಇಟ್ಟುಕೊಂಡು ಓಡಾಡಿದ್ದರು. ಒಬ್ಬ ಕೆಲಸಗಾರ ಸತ್ತ, ಹಲವರು ಆಸ್ಪತ್ರೆ ಸೇರಿದರು. ಬ್ರೆಜಿಲಿನ ಗೊಯಾನಿಯಾದಲ್ಲಿ 1987ರಲ್ಲಿ ಇನ್ನೂ ಘೋರ. ಬಿಟ್ಟುಹೋದ ಆಸ್ಪತ್ರೆಯ ಯಂತ್ರದಿಂದ ಸೀಸಿಯಂ ಪುಡಿ ಹೊರಬಂತು. ಕತ್ತಲಲ್ಲಿ ನೀಲಿ ಹೊಳೆಯುತ್ತಿತ್ತು, ನೆಂಟರಿಗೆಲ್ಲ ಹಂಚಿದರು. ನಾಲ್ಕು ಜನ ಸತ್ತರು, ಮನೆಗಳನ್ನೇ ಕೆಡವಿ ಮೇಲ್ಮಣ್ಣು ತೆಗೆಯಬೇಕಾಯಿತು.

ಮೂರು ಎಸಳಿನ ಫ್ಯಾನಿನಂಥ ಗುರುತು ಕಂಡರೆ ಕೈ ಹಿಂದಕ್ಕೆ ತಗೊಳ್ಳಿ. ಗುರುತು ಅಳಿಸಿಹೋಗಿರಬಹುದು. ಆಗ ತೂಕ ನೋಡಿ. ಸಣ್ಣ ಡಬ್ಬಿ, ತೂಕ ಮಾತ್ರ ಎತ್ತಲಾರದಷ್ಟು ಅಂದರೆ ಒಳಗೆ ವಿಕಿರಣ ತಡೆಯಲು ಹಾಕಿದ ಸೀಸ ಇರಬಹುದು. ಸೀಸದ ರೇಟು ನೆನೆದು ಗ್ಯಾಸ್ ಕಟ್ಟರ್ ಹಚ್ಚಬೇಡಿ. ದೂರ ಸರಿದು, ಹುಡುಗರನ್ನೂ ಸರಿಸಿ, ಪೊಲೀಸರಿಗೆ ಫೋನ್ ಮಾಡಿ. ಅವರು ಅಣುಶಕ್ತಿ ನಿಯಂತ್ರಣ ಮಂಡಳಿಗೆ ತಿಳಿಸುತ್ತಾರೆ.

ಪ್ರಶ್ನೆ: ತಾತನ ಕಾಲದ ಎರಡು ಹೊಸ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಅಟ್ಟದಲ್ಲಿ ಸಿಕ್ಕಿವೆ. ಎಸೆಯಲಾ?
— ವಿದ್ಯಾರ್ಥಿನಿ, ಶ್ರೀನಿವಾಸಪುರ

ಉತ್ತರ: ಗಾಬರಿ ಬೇಡ ಮಗಳೇ. ಪೊಟ್ಟಣದಲ್ಲಿ ಇದ್ದರೆ ಇರಲಿ, ಸುಡಬೇಡ, ಬೂದಿ ಊದಬೇಡ, ತಮ್ಮ ತಂಗಿಯರ ಕೈಗೆ ಕೊಡಬೇಡ. ನಿನ್ನ ಕಾಲೇಜಿನ ಫಿಸಿಕ್ಸ್ ಲ್ಯಾಬಿನಲ್ಲಿ ಗೈಗರ್ ಕೌಂಟರ್ ಇದ್ದರೆ ಮೇಷ್ಟ್ರನ್ನು ಕೇಳಿ ಪೊಟ್ಟಣವನ್ನು ಅದರ ಹತ್ತಿರ ಹಿಡಿ. ಟಿಕ್ ಟಿಕ್ ಜೋರಾದರೆ ಥೋರಿಯಂ. ಆಗದಿದ್ದರೆ ಅದು ಆಮೇಲಿನ ಕಾಲದ, ಥೋರಿಯಂ ಬಿಟ್ಟು ಮಾಡಿದ ಮ್ಯಾಂಟಲ್. ಏನು ಬಂತು ಅಂತ ನನಗೂ ಒಂದು ಕಾರ್ಡು ಹಾಕು.