ವರನನ್ನು ಕಾರ್ಖಾನೆ ಕೆಲಸದಿಂದ ತೆಗೆದಿದೆ ಎಂದರೆ ಹುಡುಗ ಸರಿಯಿಲ್ಲ ಎಂದು ಅರ್ಥವೇ?

ಹಾಗೇನೂ ಇಲ್ಲ. ತೆಗೆದರು ಎಂಬುದಷ್ಟರಿಂದ ಹುಡುಗನ ಬಗ್ಗೆ ತಿಳಿಯುವುದು ಬಹಳ ಕಡಿಮೆ. ಯಾವ ಕಾರಣಕ್ಕೆ ತೆಗೆದರು ಎಂಬುದನ್ನು ನೋಡಬೇಕು.

ಕಳ್ಳತನ, ಹೊಡೆದಾಟದಂತಹ ದುರ್ನಡತೆಗಾಗಿ ಕಾರ್ಮಿಕನನ್ನು ವಜಾ ಮಾಡುವುದಾದರೆ ಆರೋಪಪಟ್ಟಿ ಕೊಟ್ಟು ವಿಚಾರಣೆ ನಡೆಸಬೇಕು. ಆ ವಿಚಾರಣೆ ನೆಟ್ಟಗೆ ನಡೆದಿದ್ದರೆ ಮಾತ್ರ ಅದು ವ್ಯಕ್ತಿಯ ಬಗ್ಗೆ ಏನನ್ನಾದರೂ ಹೇಳುತ್ತದೆ. ಕೆಲಸ ಕಡಿಮೆಯಾಗಿ ಜನರನ್ನು ಇಳಿಸುವುದು ಬೇರೆಯೇ ವಿಷಯ. ಅಲ್ಲಿ ಕಾನೂನಿನ ಸಾಮಾನ್ಯ ನಿಯಮವೆಂದರೆ, ಒಂದೇ ಬಗೆಯ ಕೆಲಸದವರಲ್ಲಿ ಕೊನೆಗೆ ಸೇರಿದವರು ಮೊದಲು ಹೊರಗೆ. ಕೋಲಾರ ಜಿಲ್ಲೆಯ ನರಸಾಪುರದ ಕಾರ್ಖಾನೆಯೊಂದಕ್ಕೆ ಆರ್ಡರ್ ಕುಸಿದರೆ ಮೊದಲು ಮನೆಗೆ ಹೋಗುವವರು ಹೊಸಬರು, ಎಷ್ಟೇ ಒಳ್ಳೆಯ ಕೆಲಸಗಾರರಾಗಿದ್ದರೂ. ಗುತ್ತಿಗೆಯವರ ಪಾಡಂತೂ ಕೇಳುವುದೇ ಬೇಡ.

ಕೋಲಾರದವರಿಗೆ ಇದನ್ನು ಬಿಡಿಸಿ ಹೇಳಬೇಕೇ? 2001ರಲ್ಲಿ ಕೆಜಿಎಫ್‌ನ ಚಿನ್ನದ ಗಣಿ ಮುಚ್ಚಿದಾಗ ಸಾವಿರಾರು ಮಂದಿ ಒಟ್ಟಿಗೇ ಕೆಲಸ ಕಳೆದುಕೊಂಡರು. ಅದಿರಿನಲ್ಲಿ ಚಿನ್ನದ ಅಂಶ ಇಳಿದು, ತೆಗೆಯುವ ಖರ್ಚು ಏರಿದ್ದಕ್ಕೆ ಅವರಲ್ಲಿ ಯಾರನ್ನು ದೂರುತ್ತೀರಿ?

ಸಂಬಂಧ ಬೇಡವೆನ್ನುವ ಮೊದಲು ಹುಡುಗನಿಗೆ ಕೊಟ್ಟ ಪತ್ರವನ್ನು ಕೇಳಿ ನೋಡಿ: ದುರ್ನಡತೆ ಎಂದಿದೆಯೋ, ನೋಟಿಸ್ ಅವಧಿಯ ಸಂಬಳ ಮತ್ತು ಪರಿಹಾರ ಎಂದಿದೆಯೋ.